ಸರಸ್ವತಿಪುರಂನ ಎಂಬಿಬಿಎಸ್ ಟ್ಯೂಷನ್: ಪೇಪರ್ ತಿದ್ದುವ ರೀತಿಗೇ ದುಡ್ಡು ಕೊಡಬಹುದು

ನಾನು ಮಂಡ್ಯದಲ್ಲಿ ಹೈಸ್ಕೂಲ್ ಟೀಚರ್. ಮಗಳು ಮೈಸೂರಿನಲ್ಲಿ ಎಂಬಿಬಿಎಸ್ ಮೊದಲ ವರ್ಷ ಇದ್ದಾಗ ಸರಸ್ವತಿಪುರಂನಲ್ಲಿ ಒಬ್ಬ ಡಾಕ್ಟರ್ ಮೇಡಂ ಮನೆ ಮಹಡಿಯಲ್ಲಿ ನಡೆಸುವ ಟ್ಯೂಷನ್‌ಗೆ ಹೋಗುತ್ತಿದ್ದಳು. ಅವಳು ಊರಿಗೆ ಬಂದಾಗೆಲ್ಲ ನಾನು ಮೊದಲು ಕೇಳುತ್ತಿದ್ದದ್ದು ತಿದ್ದಿ ಕೊಟ್ಟ ಟೆಸ್ಟ್ ಪೇಪರ್.

ಅನಾಟಮಿಯಲ್ಲಿ ಬ್ರೇಕಿಯಲ್ ಪ್ಲೆಕ್ಸಸ್ ಬಗ್ಗೆ ಒಂದು ಉತ್ತರ ಇತ್ತು. ಕತ್ತಿನಿಂದ ಕೈಗೆ ಇಳಿಯುವ ನರಗಳ ಜಾಲ ಅದು. ಚಿತ್ರ ಅಚ್ಚುಕಟ್ಟಾಗಿತ್ತು, ಹೆಸರುಗಳೂ ಸರಿ. ಪಕ್ಕದಲ್ಲಿ ಮೇಡಂ ಕೆಂಪು ಪೆನ್ನಲ್ಲಿ ಬರೆದಿದ್ದರು: 'ಸಿ5, ಸಿ6 ಸೇರುವ ಕಡೆ ಪೆಟ್ಟಾದರೆ ಕೈ ಹೇಗೆ ಜೋತು ಬೀಳುತ್ತೆ? ಯಾಕೆ?' ಸಿ5, ಸಿ6 ಅಂದರೆ ಕತ್ತಿನ ಬಳಿ ಬೆನ್ನುಹುರಿಯಿಂದ ಹೊರಡುವ ಐದನೇ, ಆರನೇ ನರಗಳು. ಮುಂದಿನ ಟೆಸ್ಟಲ್ಲಿ ಅದನ್ನೇ ತಿರುಗಿಸಿ ಕೇಳಿದರು. ಹೆರಿಗೆಯಲ್ಲಿ ಮಗುವಿನ ಭುಜ ಸಿಕ್ಕಿಕೊಂಡಿತ್ತು, ಈಗ ಒಂದು ಕೈ ಆಡಿಸುತ್ತಿಲ್ಲ, ಯಾವ ನರ? ಈ ಸಲ ಮಗಳು ಕಾರಣ ಸಮೇತ ಬರೆದಿದ್ದಳು. ತಿದ್ದುವುದು ಅಂದರೆ ಇದು ಅಲ್ವಾ!

ಕಾಲೇಜಿನ ಇಂಟರ್ನಲ್ಸ್‌ನಲ್ಲಿ ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಕನಿಷ್ಠ 40 ಪರ್ಸೆಂಟ್, ಎರಡೂ ಸೇರಿ 50 ಬಂದರೇನೇ ಯೂನಿವರ್ಸಿಟಿ ಪರೀಕ್ಷೆಗೆ ಕೂರಿಸುತ್ತಾರೆ. ಆದರೆ ಪಾಸು ಫೇಲು ಲೆಕ್ಕಕ್ಕೆ ಆ ಅಂಕ ಸೇರುವುದಿಲ್ಲ. ಹಾಗಾಗಿ ಎಷ್ಟೋ ಮಕ್ಕಳು ಅರ್ಹತೆ ಸಿಕ್ಕರೆ ಸಾಕು ಅಂತ ಸುಮ್ನೆ ಬರೆದು ಬರುತ್ತಾರೆ. ತಿದ್ದಿದ ಪೇಪರನ್ನು ತೆರೆದೂ ನೋಡುವುದಿಲ್ಲ. ನನಗೆ ಇದು ತುಂಬಾ ಬೇಜಾರಿನ ವಿಷಯ.

'ನಮ್ಮ ಟೆಸ್ಟಲ್ಲಿ ಜಾಸ್ತಿ ತೆಗೆದವರೇ ಫೈನಲ್‌ನಲ್ಲೂ ಮುಂದೆ' ಅಂತ ಟ್ಯೂಷನ್‌ನವರು ಹೇಳುತ್ತಾರೆ. ನಿಜ ಇರಬಹುದು, ಓದುವ ಮಕ್ಕಳು ಎರಡು ಕಡೆಯೂ ಓದುತ್ತಾರೆ. ಮೊದಲ ಟೆಸ್ಟಲ್ಲಿ ಎಡವಿದವರು ಏನಾದರು ಅಂತ ನಾನು ಕೇಳುತ್ತೇನೆ. ಮಗಳ ರೂಮ್‌ಮೇಟ್ ಮೊದಲ ಇಂಟರ್ನಲ್ಸ್‌ನಲ್ಲಿ ಬಯೋಕೆಮಿಸ್ಟ್ರಿ ಫೇಲಾಗಿದ್ದಳು. ಅವಳನ್ನು ಮೇಡಂ ಪಕ್ಕದಲ್ಲಿ ಕೂರಿಸಿಕೊಂಡು ಅದೇ ಉತ್ತರಗಳನ್ನು ಮತ್ತೆ ಬರೆಸಿದರು. ಫೈನಲ್‌ನಲ್ಲಿ ಒಂದೇ ಸಲಕ್ಕೆ ಪಾಸಾದಳು. ಈ ಟ್ಯೂಷನ್ ಮೇಲೆ ನನಗೆ ನಂಬಿಕೆ ಬಂದದ್ದು ಆಗ.

ಕೊರತೆಯೂ ಇದೆ. ವೈವಾ, ಅಂದರೆ ಬಾಯಲ್ಲಿ ಉತ್ತರ ಹೇಳುವ ಪರೀಕ್ಷೆಯ ಅಭ್ಯಾಸ ತೀರಾ ಕಡಿಮೆ. ಪೇಪರ್ ಮೇಲೆ ಚೆನ್ನಾಗಿ ಬರೆಯುವ ಹುಡುಗಿ ಎಕ್ಸಾಮಿನರ್ ಕೈಯಲ್ಲಿ ಮೂಳೆ ಹಿಡಿದು ಕೇಳಿದಾಗ ತೊದಲುತ್ತಾಳೆ. ಬರೆಯುವ ಟೆಸ್ಟ್ ಅದನ್ನು ಕಲಿಸುವುದಿಲ್ಲ. ಸ್ಪಾಟರ್ಸ್, ಅಂದರೆ ಮುಂದಿಟ್ಟ ಮಾದರಿಯನ್ನು ನೋಡಿ ಗುರುತಿಸುವ ಅಭ್ಯಾಸ, ಅಂತೂ ಇಲ್ಲವೇ ಇಲ್ಲ, ಕಾಲೇಜಲ್ಲೇ ನೋಡಿಕೊಳ್ಳಬೇಕು. ವರ್ಷದ ಫೀಸು ಒಂದೇ ಸಲ ಕೇಳುತ್ತಾರೆ. ಎರಡನೇ ಇಂಟರ್ನಲ್ಸ್ ಆದಮೇಲೆ ಬ್ಯಾಚಲ್ಲಿ ಜನ ಜಾಸ್ತಿಯಾಗಿ ಪೇಪರ್ ವಾಪಸ್ ಬರುವುದು ತಡವಾಗುತ್ತದೆ. ಸೇರುವುದಾದರೆ ವರ್ಷದ ಶುರುವಿನಲ್ಲೇ ಸೇರಿ. ತಿದ್ದಿದ ಹಳೇ ಪೇಪರ್ ಕೇಳಿ, ಮೇಡಂ ತೋರಿಸುತ್ತಾರೆ.