ಸಂಶಯದ ಡೌನ್‌ಲೋಡ್ ಹಿಡಿಯಲು ಯಾವ ಲಾಗ್? ನೆಟ್‌ಫಿಲ್ಟರ್, ಸ್ಕ್ವಿಡ್, ಝೀಕ್, ಸುರಿಕಾಟಾ ಹೋಲಿಕೆ

ನೆಟ್‌ವರ್ಕಿನಲ್ಲಿ ಯಾರಾದರೂ ಸಂಶಯದ ಫೈಲ್ ಇಳಿಸಿದರೆ ಅದು ಯಾವುದರ ಲಾಗಿನಲ್ಲಿ ಕಾಣುತ್ತದೆ: ಲಿನಕ್ಸಿನ ಫೈರ್‌ವಾಲ್ ನೆಟ್‌ಫಿಲ್ಟರ್, ಬ್ರೌಸರಿನ ಪರವಾಗಿ ಫೈಲು ತರುವ ಪ್ರಾಕ್ಸಿ ಸ್ಕ್ವಿಡ್, ಹಾದುಹೋಗುವ ಪ್ಯಾಕೆಟ್‌ಗಳನ್ನು ಓದುವ ಝೀಕ್, ಸುರಿಕಾಟಾ? ನಾಲ್ಕನ್ನೂ ಒಂದೇ ಫೈಲುಗಳಿಂದ ಪರೀಕ್ಷಿಸಿದರೆ ಮಾತ್ರ ಹೋಲಿಕೆಗೆ ಅರ್ಥ. ಬೇಕಾಗುವುದು ಇಷ್ಟು: 68 ಬೈಟಿನ ಐಕಾರ್ ಪರೀಕ್ಷಾ ಫೈಲ್ (ಆಂಟಿವೈರಸ್ ಪರೀಕ್ಷೆಗೆಂದೇ ಇರುವ ನಿರುಪದ್ರವಿ ಫೈಲ್), ಜೆಪಿಜಿ ಎಂದು ಹೆಸರು ಬದಲಿಸಿದ ಒಂದು ವಿಂಡೋಸ್ ಇಎಕ್ಸ್‌ಇ, ಪಾಸ್‌ವರ್ಡ್ ಹಾಕಿದ ಜಿಪ್, 40 ಎಂಬಿಯ ಒಂದು ಇನ್‌ಸ್ಟಾಲರ್. ಇವನ್ನು ಪೈಥಾನ್ ಜೊತೆಗೇ ಬರುವ ಎಚ್‌ಟಿಟಿಪಿ ಸರ್ವರಿನಲ್ಲಿಟ್ಟು ಇಳಿಸಿ ನೋಡಬೇಕು. ಆ ಸರ್ವರ್ ಎಕ್ಸ್‌ಟೆನ್ಷನ್ ನೋಡಿ ಕಂಟೆಂಟ್ ಟೈಪ್ ಹೇಳುತ್ತದೆ, ಅಂದರೆ ಹೆಸರು ಬದಲಿಸಿದ ಇಎಕ್ಸ್‌ಇಯನ್ನು ಚಿತ್ರ ಎಂದೇ ಕಳಿಸುತ್ತದೆ. ನಮಗೆ ಬೇಕಾದ ಸುಳ್ಳು ಅದೇ. ಆಮೇಲೆ ಇದೇ ಫೈಲುಗಳನ್ನು ಎಚ್‌ಟಿಟಿಪಿಎಸ್ ಮೇಲೆ ಇನ್ನೊಂದು ಸುತ್ತು.

ಮೊದಲು ನೆಟ್‌ಫಿಲ್ಟರ್. ಲಾಗ್ ರೂಲ್ ಬರೆಯುವ ಸಾಲಿನಲ್ಲಿರುವ 'ಲೆನ್' ಅಂಕಿಯನ್ನು ಡೌನ್‌ಲೋಡ್ ಗಾತ್ರ ಎಂದುಕೊಳ್ಳುವವರು ಬಹಳ. ಅದು ಆ ಒಂದು ಪ್ಯಾಕೆಟ್ಟಿನ ಉದ್ದ. ಹೊಸ ಕನೆಕ್ಷನ್ ಮಾತ್ರ ಲಾಗ್ ಆಗುವಂತೆ ರೂಲ್ ಇದ್ದರೆ ಸಿಗುವುದು ಕನೆಕ್ಷನ್ ಕೋರುವ ಮೊದಲ ಸಿನ್ ಪ್ಯಾಕೆಟ್ಟಿನ ಅಳತೆ, ಬೈಟ್‌ಗಳಲ್ಲಿ. ಲಿನಕ್ಸ್ ಯಂತ್ರದಿಂದಾದರೆ ಸಾಮಾನ್ಯವಾಗಿ 60, ವಿಂಡೋಸಿನಿಂದಾದರೆ 52. ಐಕಾರ್ ಇಳಿಸಿದರೂ 60, 40 ಎಂಬಿ ಇಳಿಸಿದರೂ 60. ನಿಜವಾದ ಗಾತ್ರ ಬೇಕಿದ್ದರೆ ಕನ್‌ಟ್ರ್ಯಾಕ್ (ನೆಟ್‌ಫಿಲ್ಟರ್ ಕನೆಕ್ಷನ್‌ಗಳ ಜಾಡು ಇಡುವ ಭಾಗ) ಅಕೌಂಟಿಂಗ್ ಅನ್ನು 1 ಮಾಡಿ (ಸಾಮಾನ್ಯವಾಗಿ ಅದು 0 ಇರುತ್ತದೆ), ಕನ್‌ಟ್ರ್ಯಾಕ್ ಉಪಕರಣದಿಂದ ಡಿಸ್ಟ್ರಾಯ್ ಘಟನೆಗಳನ್ನು, ಅಂದರೆ ಕನೆಕ್ಷನ್ ಮುಗಿದ ಸೂಚನೆಗಳನ್ನು, ಹಿಡಿಯಬೇಕು. ಅದರಲ್ಲಿ ಎರಡು ದಿಕ್ಕಿಗೆ ಎರಡು ಬೈಟ್ ಲೆಕ್ಕ ಬರುತ್ತದೆ. ಎರಡನೆಯದು ಹೊರಗಿನಿಂದ ಬಂದದ್ದು.

ಅಷ್ಟಾದರೂ ಇದು ತೂಕದ ಯಂತ್ರ, ಅಷ್ಟೇ. ಎಚ್‌ಟಿಟಿಪಿ 2ರಲ್ಲಿ ಪುಟ, ಚಿತ್ರ, ಫೈಲ್ ಎಲ್ಲವೂ ಒಂದೇ ಕನೆಕ್ಷನ್ನಿನಲ್ಲಿ ಬರುವುದರಿಂದ ಲೆಕ್ಕವೂ ಒಟ್ಟಿಗೇ ಬೀಳುತ್ತದೆ. ಐಕಾರ್‌ನ 68 ಬೈಟ್, ಎಚ್‌ಟಿಟಿಪಿಎಸ್ ಶುರುವಿನ ಟಿಎಲ್‌ಎಸ್ ಹ್ಯಾಂಡ್‌ಶೇಕಿನಲ್ಲೇ ಮುಳುಗಿಹೋಗುತ್ತದೆ. ಹಾಗಂತ ಬಿಸಾಡುವಂಥದ್ದೂ ಅಲ್ಲ. ತಾನಾಗಿ ಹೊರಗಿನಿಂದ ಏನನ್ನೂ ತರಬಾರದ ಡೇಟಾಬೇಸ್ ಸರ್ವರ್, ಪ್ರಿಂಟರ್, ಕ್ಯಾಮೆರಾಗಳ ಮೇಲೆ ಒಂದು ರೂಲ್ ಸಾಕು: ಕಳೆದ 30 ದಿನದಲ್ಲಿ ಮಾತಾಡದ ವಿಳಾಸ, ಒಳಬಂದದ್ದು 1 ಎಂಬಿಗಿಂತ ಹೆಚ್ಚು. ಸಿಬ್ಬಂದಿಯ ಲ್ಯಾಪ್‌ಟಾಪಿಗೆ ಇದೇ ರೂಲ್ ಹಾಕಿದರೆ ಮಧ್ಯಾಹ್ನದೊಳಗೆ ಅಲರ್ಟ್ ನೋಡುವುದನ್ನೇ ಬಿಟ್ಟುಬಿಡುತ್ತೀರಿ.

ಸ್ಕ್ವಿಡ್ ಪ್ರಾಕ್ಸಿಯ ಆಕ್ಸೆಸ್ ಲಾಗ್ ಇದಕ್ಕಿಂತ ಎಷ್ಟೋ ಮಾತುಗಾರ. ಯುಆರ್‌ಎಲ್, ಸ್ಟೇಟಸ್, ಬೈಟ್, ಮೈಮ್ ಟೈಪ್ ಎಲ್ಲ ಒಂದೇ ಸಾಲಿನಲ್ಲಿ. ಆದರೆ ಮೈಮ್ ಟೈಪ್ ಅನ್ನುವುದು ಇದು ಯಾವ ಬಗೆಯ ಫೈಲ್ ಎಂದು ಸರ್ವರ್ ಹೇಳಿದ ಮಾತು, ಸ್ಕ್ವಿಡ್ ಪರೀಕ್ಷಿಸಿದ್ದಲ್ಲ. ಹೆಸರು ಬದಲಿಸಿದ ಇಎಕ್ಸ್‌ಇ ಇಲ್ಲಿ ಜೆಪೆಗ್ ಚಿತ್ರವಾಗಿಯೇ ದಾಟಿಹೋಗುತ್ತದೆ.

ಇನ್ನೊಂದು ಮೋಸ ಯುಆರ್‌ಎಲ್ ಹುಡುಕಾಟದಲ್ಲಿದೆ. 'ಡಾಟ್ ಇಎಕ್ಸ್‌ಇಯಿಂದ ಕೊನೆಯಾಗುವ ಸಾಲು' ಎಂದು ರೆಜೆಕ್ಸ್ (ಹುಡುಕುವ ಮಾದರಿ) ಬರೆದರೆ ನೇರ ಕೊಂಡಿಗಳು ಸಿಗುತ್ತವೆ, '?' ಹಾಕಿ ಟೋಕನ್ (ಗುರುತಿನ ಗುಪ್ತ ಸಂಕೇತ) ಅಂಟಿಸಿದ ಕೊಂಡಿಗಳು ಸಿಗುವುದಿಲ್ಲ. ಕಾರಣ, ಸ್ಕ್ವಿಡ್ ತಾನಾಗಿಯೇ ಪ್ರಶ್ನಾರ್ಥಕ ಚಿಹ್ನೆಯ ನಂತರದ್ದನ್ನು ಕತ್ತರಿಸಿ, ಚಿಹ್ನೆಯನ್ನು ಮಾತ್ರ ಉಳಿಸಿ ಬರೆಯುತ್ತದೆ. ಹಾಗಾಗಿ ಸಾಲಿನಲ್ಲಿ ಇಎಕ್ಸ್‌ಇ ಆದಮೇಲೆ ಒಂದು ಒಂಟಿ '?' ನಿಂತಿರುತ್ತದೆ, ರೆಜೆಕ್ಸ್ ಅಲ್ಲೇ ಸೋಲುತ್ತದೆ. ಕೊನೆಯಲ್ಲಿ ಆ ಚಿಹ್ನೆ ಇದ್ದರೂ ಇಲ್ಲದಿದ್ದರೂ ಹೊಂದುವಂತೆ ಬರೆಯಿರಿ. ಕ್ವೆರಿ, ಅಂದರೆ '?' ನಂತರದ ಭಾಗ, ಕತ್ತರಿಸುವ ಸೆಟ್ಟಿಂಗನ್ನೇ ಆಫ್ ಮಾಡಬಹುದು, ಆದರೆ ಆಗ ಬಳಕೆದಾರರ ಟೋಕನ್‌ಗಳೆಲ್ಲ ಲಾಗಿನಲ್ಲಿ ಬಂದು ಕೂರುತ್ತವೆ. ಬೇಡ. ಹಾಗೆಯೇ 206 ಸ್ಟೇಟಸ್ ಕಂಡರೆ ಫೈಲು ತುಂಡುತುಂಡಾಗಿ ಬಂದಿದೆ ಎಂದರ್ಥ. ಅದೇ ಯುಆರ್‌ಎಲ್‌ನ ಸಾಲುಗಳನ್ನು ಕೂಡಿಸಿಯೇ ಗಾತ್ರ ನೋಡಬೇಕು.

ಸ್ಕ್ವಿಡ್‌ನ ಮಾಮೂಲಿ ಲಾಗ್ ಮಾದರಿಯಲ್ಲಿ ಯೂಸರ್ ಏಜೆಂಟ್ (ಕೋರಿಕೆ ಕಳಿಸಿದ ಪ್ರೋಗ್ರಾಮ್ ಹೇಳಿಕೊಳ್ಳುವ ಹೆಸರು) ಇರುವುದಿಲ್ಲ. ಅದನ್ನು ಸೇರಿಸಿಕೊಳ್ಳುವುದು ಖರ್ಚಿಲ್ಲದ ಲಾಭ. ತೆರೆದ ಎಚ್‌ಟಿಟಿಪಿಯಲ್ಲಿ ವಿಂಡೋಸಿನ ಸರ್ಟಿಫಿಕೇಟ್ ಉಪಕರಣ ಸರ್ಟ್‌ಯುಟಿಲ್ ಬಳಸಿ ಫೈಲ್ ಎಳೆದರೆ ಒಂದೇ ಯುಆರ್‌ಎಲ್‌ಗೆ ಬೆನ್ನುಬೆನ್ನಿಗೆ ಎರಡು ಕೋರಿಕೆ ಬರುತ್ತವೆ: ಒಂದರಲ್ಲಿ 'ಮೈಕ್ರೋಸಾಫ್ಟ್ ಕ್ರಿಪ್ಟೋಎಪಿಐ', ಇನ್ನೊಂದರಲ್ಲಿ 'ಸರ್ಟ್‌ಯುಟಿಲ್ ಯುಆರ್‌ಎಲ್ ಏಜೆಂಟ್'. ಮೊದಲನೆಯದು ಒಂಟಿಯಾಗಿ ಬಂದರೆ ಸರ್ಟಿಫಿಕೇಟ್ ತಪಾಸಣೆ ಇದ್ದೀತು. ಎರಡನೆಯದು ಕಂಡರೆ ಎದ್ದು ಹೋಗಿ ನೋಡಬೇಕು. ವಿಂಡೋಸಿನ ಹಿನ್ನೆಲೆ ಡೌನ್‌ಲೋಡ್ ಸೇವೆ ಬಿಟ್ಸ್‌ನ ಏಜೆಂಟಿಗೆ ಮಾತ್ರ ಬರಿದೇ ಅಲರ್ಟ್ ಇಡಬೇಡಿ, ವಿಂಡೋಸ್ ಅಪ್‌ಡೇಟ್ ಕೂಡ ಅದನ್ನೇ ಬಳಸುತ್ತದೆ.

ಎಚ್‌ಟಿಟಿಪಿಎಸ್ ಸುತ್ತಿನಲ್ಲಿ ಸ್ಕ್ವಿಡ್ ಮೆತ್ತಗಾಗುತ್ತದೆ: ಕನೆಕ್ಟ್ ಎಂಬ ಸಾಲು, ಹೋಸ್ಟ್ ಹೆಸರು, ಪೋರ್ಟ್ 443, ಒಟ್ಟು ಬೈಟ್. ಬ್ರೌಸರಿನಲ್ಲಿ ಪ್ರಾಕ್ಸಿ ನಮೂದಿಸದೆ ದಾರಿಯಲ್ಲೇ ತಡೆಯುವ ವ್ಯವಸ್ಥೆಯಾದರೆ ಹೋಸ್ಟ್ ಹೆಸರೂ ಇಲ್ಲ, ಬರೀ ಐಪಿ. ಆಗ ಎಸ್‌ಎಸ್‌ಎಲ್ ಬಂಪ್ ಎಂಬ ಸ್ಕ್ವಿಡ್ ಸೆಟ್ಟಿಂಗಿನ ಮೊದಲ ಹಂತದಲ್ಲಿ 'ಪೀಕ್' (ಇಣುಕು), ಆಮೇಲೆ ಎಲ್ಲಕ್ಕೂ 'ಸ್ಪ್ಲೈಸ್' (ಬಿಚ್ಚದೆ ದಾಟಿಸು) ಎಂದಿಟ್ಟು, ಲಾಗ್ ಮಾದರಿಗೆ ಎಸ್‌ಎನ್‌ಐ (ಕನೆಕ್ಷನ್ ಶುರುವಿನಲ್ಲಿ ಬ್ರೌಸರ್ ಹೇಳುವ ತಾಣದ ಹೆಸರು) ಸೇರಿಸಿದರೆ ಗೂಢಲಿಪಿ ಬಿಚ್ಚದೆಯೇ ಹೆಸರು ಸಿಗುತ್ತದೆ. ಯುಡಿಪಿ 443 ಮುಚ್ಚಲು ಮರೆಯಬೇಡಿ. ಬ್ರೌಸರುಗಳು ಟಿಸಿಪಿ ಬದಲು ಬಳಸುವ ಕ್ವಿಕ್ ಆ ದಾರಿಯಲ್ಲಿ ಓಡುತ್ತದೆ, ಸ್ಕ್ವಿಡ್ ಅದನ್ನು ನೋಡುವುದೇ ಇಲ್ಲ. ಮುಚ್ಚಿದರೆ ಬ್ರೌಸರ್ ತಾನೇ ಟಿಸಿಪಿಗೆ ಮರಳುತ್ತದೆ.

ಫೈಲಿನ ಒಳಗಿಣುಕುವುದು ಝೀಕ್. ಅದು ಹೆಸರನ್ನು ನಂಬುವುದಿಲ್ಲ, ಮೊದಲ ಬೈಟ್‌ಗಳನ್ನು ಓದುತ್ತದೆ. ವಿಂಡೋಸ್ ಇಎಕ್ಸ್‌ಇ 'ಎಂ', 'ಝಡ್' ಅಕ್ಷರಗಳಿಂದ ಶುರುವಾಗುವುದರಿಂದ ನಮ್ಮ ಸುಳ್ಳು ಜೆಪಿಜಿ ಫೈಲ್ಸ್ ಲಾಗಿನಲ್ಲಿ 'ಎಕ್ಸ್-ಡಾಸ್‌ಎಕ್ಸೆಕ್' ಆಗಿ ಬಯಲಾಗುತ್ತದೆ. ಎಚ್‌ಟಿಟಿಪಿ ಲಾಗಿನಲ್ಲಿ ಜೆಪಿಜಿ ಎನ್ನುವ ಯುಆರ್‌ಎಲ್, ಪಕ್ಕದಲ್ಲೇ ಡಾಸ್‌ಎಕ್ಸೆಕ್ ಟೈಪ್: ಇಡೀ ಪರೀಕ್ಷೆಯಲ್ಲಿ ಇದಕ್ಕಿಂತ ಸದ್ದು ಕಡಿಮೆ, ಬೆಲೆ ಹೆಚ್ಚಿನ ಅಲರ್ಟ್ ಇನ್ನೊಂದಿಲ್ಲ. ಫೈಲಿನ ಹ್ಯಾಶ್ (ಅದರ ಬೆರಳಚ್ಚಿನಂಥ ಸಂಖ್ಯೆ) ಎಸ್‌ಎಚ್‌ಎ 256 ಮಾದರಿಯಲ್ಲಿ ಬೇಕಿದ್ದರೆ ಬೇರೆಯಾಗಿ ಆನ್ ಮಾಡಬೇಕು.

ಝೀಕ್ ಹಾಕಿದ ಮೊದಲ ದಿನ ಫೈಲ್ಸ್ ಲಾಗ್ ಖಾಲಿ ಕಂಡರೆ ಗಾಬರಿ ಬೇಡ. ಅದೇ ಯಂತ್ರದಿಂದ ಪರೀಕ್ಷಿಸುತ್ತಿದ್ದರೆ ಚೆಕ್‌ಸಮ್ (ಪ್ಯಾಕೆಟ್ ಕೆಟ್ಟಿಲ್ಲವೆಂದು ತಾಳೆ ನೋಡುವ ಅಂಕಿ) ಲೆಕ್ಕವನ್ನು ನೆಟ್‌ವರ್ಕ್ ಕಾರ್ಡಿಗೆ ಬಿಟ್ಟಿರುತ್ತಾರೆ; ಇದೇ ಆಫ್‌ಲೋಡ್. ಝೀಕ್ ಕಾಣುವ ಹೊತ್ತಿಗೆ ಚೆಕ್‌ಸಮ್ ಇನ್ನೂ ತುಂಬಿರದ ಕಾರಣ ಪ್ಯಾಕೆಟ್ ಕೆಟ್ಟದ್ದೆಂದು ಬಿಟ್ಟುಬಿಡುತ್ತದೆ. ಕಾರ್ಡಿನ ಆಫ್‌ಲೋಡ್ ನಿಲ್ಲಿಸಿ, ಇಲ್ಲವೇ ಚೆಕ್‌ಸಮ್ ಕಡೆಗಣಿಸುವ ದೊಡ್ಡಕ್ಷರ 'ಸಿ' ಆಯ್ಕೆ ಕೊಟ್ಟು ಓಡಿಸಿ.

ಸುರಿಕಾಟಾ ಕೂಡ ಈವ್ ಎಂಬ ತನ್ನ ಲಾಗಿನ ಫೈಲ್‌ಇನ್ಫೋ ಘಟನೆಯಲ್ಲಿ ಇದೇ ಮಾಹಿತಿ ಕೊಡುತ್ತದೆ, ರೂಲ್ ಬರೆಯುವವರಿಗೆ ಹೆಚ್ಚು ಅನುಕೂಲ. ಆದರೆ 40 ಎಂಬಿ ಇನ್‌ಸ್ಟಾಲರಿನಲ್ಲಿ ಎಡವುತ್ತದೆ: ಪ್ಯಾಕೆಟ್‌ಗಳನ್ನು ಒಂದಾಗಿಸುವ ಸ್ಟ್ರೀಮ್ ಜೋಡಣೆಯ ಮಿತಿ ಮೊದಲಿಗೆ 1 ಎಂಬಿ ಇರುವುದರಿಂದ ಸ್ಥಿತಿ 'ಟ್ರಂಕೇಟೆಡ್' (ಅರ್ಧಕ್ಕೆ ಕತ್ತರಿಸಿದ್ದು) ಎಂದು ಬರುತ್ತದೆ. ಅಂಥ ಸಾಲಿನಿಂದ ಪೂರ್ತಿ ಫೈಲಿನ ಹ್ಯಾಶ್ ಸಿಗದು. ಮಿತಿ ಏರಿಸಿದರೆ ಮೆಮೊರಿಯ ಮಿತಿಯನ್ನೂ ಏರಿಸಬೇಕು.

ಎಚ್‌ಟಿಟಿಪಿಎಸ್ ಮೇಲೆ ಇವೆರಡಕ್ಕೂ ಫೈಲು ಕಾಣುವುದಿಲ್ಲ. ಪೂರ್ತಿ ಬಿಚ್ಚಿ ನೋಡುವ ಫೈರ್‌ವಾಲ್ ಆ ಕೊರತೆ ನೀಗಿಸುತ್ತದೆ, ಜೊತೆಗೆ ಪ್ರತಿ ಯಂತ್ರಕ್ಕೂ ಸರ್ಟಿಫಿಕೇಟ್ ಹಾಕುವ ಕೆಲಸ, ಸರ್ಟಿಫಿಕೇಟ್ ಪಿನ್ ಮಾಡಿದ (ತಮ್ಮದೇ ಸರ್ಟಿಫಿಕೇಟ್ ಬಿಟ್ಟು ಬೇರೆ ಒಪ್ಪದ) ಆ್ಯಪ್‌ಗಳ ಮುಷ್ಕರ, ಬ್ಯಾಂಕು ಆಸ್ಪತ್ರೆ ತಾಣಗಳ ವಿನಾಯಿತಿ ಪಟ್ಟಿ ಎಲ್ಲ ತಲೆಗೆ ಬರುತ್ತದೆ. ಪಾಸ್‌ವರ್ಡ್ ಜಿಪ್ ಮಾತ್ರ ಅದಕ್ಕೂ ತೆರೆಯದು.

ಒಬ್ಬರೋ ಇಬ್ಬರೋ ನೋಡಿಕೊಳ್ಳುವ ನೆಟ್‌ವರ್ಕಿಗೆ ನಮ್ಮ ಆಯ್ಕೆ ಎಸ್‌ಎನ್‌ಐ ಸೇರಿಸಿದ ಸ್ಕ್ವಿಡ್, ಪಕ್ಕದಲ್ಲಿ ಝೀಕ್. ಸರ್ವರ್, ಪ್ರಿಂಟರ್‌ನಂಥ ಯಂತ್ರಗಳಿಗೆ ಮಾತ್ರ ಕನ್‌ಟ್ರ್ಯಾಕ್ ರೂಲ್. ಎರಡು ಲಾಗ್ ಜೋಡಿಸುವಾಗ ಸ್ಕ್ವಿಡ್ ಕನೆಕ್ಟ್ ಸಾಲನ್ನು ಕನೆಕ್ಷನ್ ಮುಗಿದ ಮೇಲೆ ಬರೆಯುತ್ತದೆ, ಝೀಕ್ ಕನೆಕ್ಷನ್‌ಗಳಿಗೆಂದಿರುವ ತನ್ನ ಕಾನ್ ಲಾಗಿನಲ್ಲಿ ಶುರುವಾದ ಸಮಯ ಹಾಕುತ್ತದೆ ಎಂಬುದು ನೆನಪಿರಲಿ. ಸ್ಕ್ವಿಡ್ ಸಮಯದಿಂದ ಅದೇ ಸಾಲಿನ ಎರಡನೇ ಅಂಕಣದ ಮಿಲಿಸೆಕೆಂಡುಗಳನ್ನು (ಕನೆಕ್ಷನ್ ನಡೆದ ಅವಧಿ) ಕಳೆದರೆ ಎರಡೂ ತಾಳೆಯಾಗುತ್ತವೆ.