ವಿನೋಬನಗರದ ಮನಸ್ಸಿನ ತರಬೇತಿ: ಆಟದ ಮಕ್ಕಳಿಗೂ ಸಂಗೀತದ ಮಕ್ಕಳಿಗೂ

ಶಿವಮೊಗ್ಗದಲ್ಲಿ ಆಟ ಕಲಿಸುವವರಿಗೆ, ಸಂಗೀತ ಕಲಿಸುವವರಿಗೆ ಕೊರತೆ ಇಲ್ಲ. ಅಂಗಳಕ್ಕಿಳಿದಾಗ, ವೇದಿಕೆ ಹತ್ತಿದಾಗ ಮನಸ್ಸನ್ನು ಹೇಗೆ ಹಿಡಿದಿಟ್ಟುಕೊಳ್ಳಬೇಕು ಅಂತ ಕಲಿಸುವವರು ಮಾತ್ರ ತೀರಾ ಕಡಿಮೆ. ವಿನೋಬನಗರದಲ್ಲಿ ಶನಿವಾರ ಸಂಜೆ ನಡೆಯುವ ಈ ತರಗತಿಗೆ ನನ್ನ ಇಬ್ಬರೂ ಮಕ್ಕಳನ್ನು ಸೇರಿಸಿದ್ದೆ. ಮಗಳು ವಯೊಲಿನ್ ಸೀನಿಯರ್ ಪರೀಕ್ಷೆಗೆ ಕೂರುವವಳು, ಮಗ ಖೋ ಖೋ ಆಡುತ್ತಾನೆ. ನನಗಂತೂ ತುಂಬಾ ಹಿಡಿಸಿತು.

ಇಲ್ಲಿ ಭಾಷಣ ಇಲ್ಲ. ವಾದ್ಯ ತರಲೇಬೇಕು. ಮಗಳು ಮನೆಯಲ್ಲಿ ಚೆನ್ನಾಗೇ ನುಡಿಸುತ್ತಾಳೆ, ನಾಲ್ಕು ಜನರ ಮುಂದೆ ಕೂತರೆ ಬಿಲ್ಲು ನಡುಗುತ್ತದೆ. ಅದರಲ್ಲೂ ಒಂದೇ ಸ್ವರವನ್ನು ಉದ್ದಕ್ಕೆ ಎಳೆಯುವಾಗ. ಮೇಡಂ ಅವಳನ್ನು ಮೆಟ್ಟಿಲು ಹತ್ತಿಸಿ ಇಳಿಸಿದರು, ಎದೆ ಢವಢವ ಅನ್ನುವಾಗಲೇ ಕೂರಿಸಿ ವರ್ಣ ನುಡಿಸು ಅಂದರು. ಭಯವಾದಾಗ ಆಗುವುದೂ ಇದೇ ಅಲ್ವಾ? ಹಾಗೆ ಎದೆ ಹೊಡೆದುಕೊಳ್ಳುವಾಗಲೇ ನುಡಿಸಿ ರೂಢಿಯಾದರೆ ಪರೀಕ್ಷೆಯ ದಿನ ಅದು ಹೊಸದೆನಿಸುವುದಿಲ್ಲ. ಜೊತೆಗೆ ಉಸಿರಿನ ಅಭ್ಯಾಸ. ತಾಳದ ಒಂದು ಭಾಗವಾದ ಲಘುವಿನ 4 ಎಣಿಕೆಗೆ ಉಸಿರು ಎಳೆದು, ರೂಪಕ ತಾಳದ 6 ಅಕ್ಷರಕ್ಕೆ ಬಿಡುವುದು. ಬಿಡುವ ಉಸಿರು ಉದ್ದವಾದಾಗ ಎದೆಬಡಿತ ತಗ್ಗುತ್ತದೆ. ತಾಳ ಹಾಕಿ ರೂಢಿ ಇರುವವಳಿಗೆ ಇದು ಬೇಗ ಹಿಡಿತಕ್ಕೆ ಬಂತು. ಈಗ ಬಿಲ್ಲು ನಡುಗಿದರೂ ನಿಲ್ಲಿಸುವುದಿಲ್ಲ.

ಮಗನ ಕಷ್ಟವೇ ಬೇರೆ. ಚೇಸಿಂಗ್‌ನಲ್ಲಿ ಒಂದು ಫೌಲ್ ಆದರೆ ಮುಗೀತು, ಹಿಂದೆಯೇ ಇನ್ನೊಂದು. "ಫೌಲ್ ಆಗಬಾರದು, ಆಗಬಾರದು" ಅಂದುಕೊಂಡೇ ಓಡುತ್ತಿದ್ದ. ಈಗ "ಕಂಬ" ಅಂತ ಒಂದೇ ಮಾತು ಹೇಳಿಕೊಂಡು ಓಡುತ್ತಾನೆ. ಏನು ಮಾಡಬೇಕು ಅನ್ನುವುದಷ್ಟೇ ತಲೆಯಲ್ಲಿರಲಿ ಅಂತ.

"ಮಕ್ಕಳಿಗೆ ಇದೆಲ್ಲ ಯಾಕೆ?" ಅಂತ ಕೇಳಿದವರೂ ಇದ್ದಾರೆ. 2011ರಲ್ಲಿ ವಿಶ್ವಕಪ್ ಗೆದ್ದ ನಮ್ಮ ಕ್ರಿಕೆಟ್ ತಂಡದ ಜೊತೆ ಇಂಥದೇ ಮನಸ್ಸಿನ ತರಬೇತಿ ಕೊಡುವ ಪ್ಯಾಡಿ ಅಪ್ಟನ್ ಇದ್ದರು. 2024ರಲ್ಲಿ ಚೆಸ್ ವಿಶ್ವ ಚಾಂಪಿಯನ್ ಆದ ಗುಕೇಶ್ ಜೊತೆಗೂ ಅವರೇ.

ಸುಮ್ನೆ ದೊಡ್ಡ ಮಾತು ಆಡದೇ ಇದ್ದದ್ದು ನನಗೆ ಇನ್ನೂ ಇಷ್ಟವಾಯಿತು. 1995ರಲ್ಲಿ ಪ್ರಕಟವಾದ ಪಿಯಾನೊ ಪ್ರಯೋಗದ ಬಗ್ಗೆ ಮೇಡಂ ಹೇಳಿದರು. ಐದು ದಿನ ಬರೀ ಮನಸ್ಸಿನಲ್ಲೇ ನುಡಿಸಿದವರ ಮಿದುಳಿನಲ್ಲೂ, ನಿಜವಾಗಿ ಬೆರಳಾಡಿಸಿದವರಂಥದೇ ಬದಲಾವಣೆ ಕಂಡಿತ್ತು. ಆದರೆ ನುಡಿಸುವುದರಲ್ಲಿ ಬೆರಳಾಡಿಸಿದವರೇ ಮುಂದಿದ್ದರು ಅನ್ನುವುದನ್ನೂ ಹೇಳಿದರು. ಕಣ್ಮುಚ್ಚಿ ಕೂತರೆ ಸಾಕು ಅಂತ ಯಾವ ಮಗುವೂ ಅಂದುಕೊಳ್ಳದ ಹಾಗೆ. ನಿದ್ದೆ, ಊಟ ಬಿಟ್ಟಿರುವ ಮಗುವನ್ನು ಮೊದಲು ಡಾಕ್ಟರಿಗೆ ತೋರಿಸಿ ಅಂತಲೂ ಸೇರಿಸುವಾಗಲೇ ಹೇಳುತ್ತಾರೆ.

ಕೊರತೆ ಇಲ್ಲ ಅಂತಲ್ಲ. ಫೀಸು ನಮ್ಮೂರಿಗೆ ಜಾಸ್ತಿಯೇ. ಮನಸ್ಸಿನಲ್ಲೇ ನುಡಿಸುವ, ಆಡುವ ಅಭ್ಯಾಸವನ್ನು ಕೊನೆಯ ವಾರ ಅವಸರದಲ್ಲಿ ಮುಗಿಸಿದರು. ಮನೆಯಲ್ಲಿ ಕೇಳಲು ಕೊಟ್ಟ ಆಡಿಯೋ ಪೂರ್ತಿ ಇಂಗ್ಲಿಷ್. ತೀರ್ಥಹಳ್ಳಿ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಅದನ್ನು ಕೇಳುವುದನ್ನೇ ಬಿಟ್ಟಿದ್ದ. ಕನ್ನಡದಲ್ಲೂ ಮಾಡಿಕೊಡಿ ಅಂತ ಕೇಳಿದ್ದೇನೆ, ಮುಂದಿನ ಬ್ಯಾಚ್‌ಗೆ ಕೊಡುತ್ತೇವೆ ಅಂದಿದ್ದಾರೆ. ಮಗಳನ್ನು ಆ ಬ್ಯಾಚ್‌ಗೂ ಸೇರಿಸುತ್ತಿದ್ದೇನೆ.