ಹ್ಯಾವ್‌ಲಾಕ್‌ನಲ್ಲಿ ಮೂರು ಕಡೆ ಉಂಡೆವು, ಅವ್ವ ಹೊಟ್ಟೆ ತುಂಬ ಉಂಡಿದ್ದು ಒಂದೇ ಕಡೆ

ಜನವರಿ 26ರ ರಜೆಗೆ ನಮ್ಮ ಓಣಿಯವರೊಬ್ಬರು ತಾಯಿ, ಮಕ್ಕಳನ್ನು ಕರೆದುಕೊಂಡು ಅಂಡಮಾನ್‌ಗೆ ಹೊರಟಿದ್ದಾರೆ. "ಹ್ಯಾವ್‌ಲಾಕ್‌ನಾಗ ಬ್ರಂಚ್ ಬಫೆ ಎಲ್ಲಿ ಚಲೋ ಐತ್ರಿ?" ಅಂತ ಕೇಳಿದರು. (ಬ್ರಂಚ್ ಅಂದರೆ ತಿಂಡಿ, ಊಟ ಎರಡೂ ಸೇರಿದ್ದು. ಬಫೆ ಅಂದರೆ ನಾವೇ ಬಡಿಸಿಕೊಳ್ಳುವುದು.) ನನ್ನ ಉತ್ತರ ಒಂದೇ. ಬಜಾರ್ ಕಡೆಯ ಸಣ್ಣ ಹೋಟೆಲಿಗೆ ಹೋಗಿ, ಬೀಚ್ ಪಕ್ಕದ ದೊಡ್ಡ ರೆಸಾರ್ಟ್ ಬೇಡ. (2018ರಿಂದ ಹ್ಯಾವ್‌ಲಾಕ್‌ನ ಹೆಸರು ಸ್ವರಾಜ್ ದ್ವೀಪ. ಬುಕ್ ಮಾಡುವಾಗ ಎರಡೂ ಹೆಸರು ಕಾಣುತ್ತವೆ, ಗಾಬರಿಯಾಗಬೇಡಿ.)

ನಾವು ಹೋಗಿದ್ದು ಕ್ರಿಸ್‌ಮಸ್ ರಜೆಗೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಆರು ವರ್ಷದ ಮಗ, ಜೊತೆಗೆ ಅವ್ವ. ಮಕ್ಕಳು ಮೊಟ್ಟೆ ತಿನ್ನುತ್ತಾರೆ, ನಾನು ಹೊರಗೆ ಹೋದಾಗ ಮೀನು ತಿನ್ನುತ್ತೇನೆ. ಅವ್ವ ಮಾತ್ರ ಹುಟ್ಟಿದಾಗಿನಿಂದ ಮುಟ್ಟಿಲ್ಲ.

25ನೇ ತಾರೀಖು ರೆಸಾರ್ಟ್‌ಗೆ ಹೋದೆವು. ತೆಂಗಿನ ಮರಗಳ ಕೆಳಗೆ ಉದ್ದನೆಯ ಟೇಬಲ್, ಎದುರಿಗೇ ಸಮುದ್ರ, ಆರು ಬಗೆಯ ಕೇಕ್. ನೋಟಕ್ಕೆ ಅದಕ್ಕೆ ಸಾಟಿಯಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ದಾಲ್ ಪಾತ್ರೆಯ ಪಕ್ಕದಲ್ಲೇ ಮೀನಿನ ಸಾರು ಇಟ್ಟಿದ್ದರು. ಅವ್ವ ತಟ್ಟೆಗೆ ಅನ್ನ, ಬೀನ್ಸ್ ಪಲ್ಯ ಹಾಕಿಕೊಂಡು ದಾಲ್ ಹತ್ತಿರ ಬಂದಳು. ಅವಳ ಮುಂದಿದ್ದವರು ಮೀನಿನ ಸೌಟನ್ನೇ ಎತ್ತಿ ದಾಲ್‌ಗೆ ಅದ್ದಿದರು. ಹಳದಿ ದಾಲ್ ಮೇಲೆ ಕೆಂಪು ಎಣ್ಣೆ ಗೆರೆಯಂತೆ ಹರಡಿತು. ಅವ್ವ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. "ನನಗ ಹಸಿವಿಲ್ಲೋ, ನೀವು ಉಣ್ರಿ" ಅಂದಳು.

ಬಡಿಸುವ ಹುಡುಗನಿಗೆ ಹೇಳಿದೆ. ಅವನು ಸೌಟು ಬದಲಾಯಿಸಿದ, ದಾಲ್ ಬದಲಾಯಿಸಲಿಲ್ಲ. ಒಳಗಿನಿಂದ ಬೇರೆ ಬಟ್ಟಲಲ್ಲಿ ತಂದುಕೊಡಿ ಅಂದರೆ, ಬಫೆ ಇದ್ದಾಗ ಬೇರೆ ಕೊಡಲು ಬರುವುದಿಲ್ಲ ಅಂದರು. ಮೀನು ತಿಂದವರ ಮೇಲೆ ನನಗೆ ಸಿಟ್ಟಿಲ್ಲ, ಗಡಿಬಿಡಿಯಲ್ಲಿ ಯಾರಿಗಾದರೂ ಆಗುತ್ತದೆ. ಎರಡು ಪಾತ್ರೆ ದೂರ ಇಟ್ಟಿದ್ದರೆ ಮುಗಿಯುತ್ತಿತ್ತು, ಅಲ್ವಾ? ಅವ್ವ ತಿಂದಿದ್ದು ಎರಡು ಹೋಳು ಪಪ್ಪಾಯಿ. ಕಟ್ಟಿದ್ದು ತಲೆಗೆ 1,600 ರೂಪಾಯಿ, ಮೇಲೆ 18% ಜಿಎಸ್‌ಟಿ. ಅರ್ಧ ರೇಟು ಐದು ವರ್ಷದ ಒಳಗಿನವರಿಗೆ ಮಾತ್ರ ಅಂದರು, ಹಾಗಾಗಿ ಐದು ಜನಕ್ಕೆ 9,440. ರೂಮಿಗೆ ಬಂದ ಮೇಲೆ ಅವ್ವ ಬ್ಯಾಗಿನಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಒಬ್ಬಳೇ ಕೂತು ಉಂಡಳು. ಅದನ್ನು ನೋಡಿ ನನಗೆ ತುಂಬ ಸಂಕಟವಾಯಿತು.

ಹೊತ್ತಿನ ವಿಷಯವೂ ಇದೆ. ಡಿಸೆಂಬರ್‌ನಲ್ಲಿ ನಮ್ಮ ಗಂಗಾವತಿಯಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲಿಗೆ. ಅಂಡಮಾನ್ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ಒಂದೇ. ಅಲ್ಲಿ ಐದೂವರೆಗೇ ಸೂರ್ಯ ಬರುತ್ತಾನೆ, ಸಂಜೆ ಐದಕ್ಕೆಲ್ಲ ಮುಳುಗುತ್ತಾನೆ. ಮಕ್ಕಳು ಬೆಳಗ್ಗೆ ಕಾಲಾಪತ್ಥರ್ ಬೀಚಿನಲ್ಲಿ ಓಡಾಡಿ ಎಂಟಕ್ಕೇ ಹಸಿವು ಅಂತ ಅಳುತ್ತಿದ್ದರು. ರೆಸಾರ್ಟ್ ಬ್ರಂಚ್ ಶುರುವಾಗುವುದು 11ಕ್ಕೆ. ಅಷ್ಟರಲ್ಲಿ ಬಿಸ್ಕತ್ತು ತಿಂದು ಹೊಟ್ಟೆ ಕೆಡಿಸಿಕೊಂಡಿದ್ದರು.

ಮಾರನೇ ದಿನ ಬಜಾರ್‌ನ ಬೇರೊಂದು ಕಡೆ ಥಾಲಿ, 250 ರೂಪಾಯಿ. ದ್ವೀಪದಲ್ಲಿ ಬಂಗಾಳಿ ಕುಟುಂಬಗಳೇ ಜಾಸ್ತಿ, ಮೂರೂ ಕಡೆಗಳಲ್ಲಿ ಮೀನು ಇಲ್ಲೇ ರುಚಿ. ವೆಜ್ ಅಂದರೆ ಅನ್ನ, ದಾಲ್, ಆಲೂಗಡ್ಡೆ, ಅಷ್ಟೇ.

ಮೂರನೇ ದಿನ ಆ ಸಣ್ಣ ಹೋಟೆಲ್. ಒಂಬತ್ತೂವರೆಗೇ ಶುರು. ವೆಜ್ ಟೇಬಲ್ ಒಳಗೆ, ಮೀನು ಕೋಳಿ ಹೊರಗಿನ ಜಗಲಿಯಲ್ಲಿ, ಅಲ್ಲಿ ಒಬ್ಬರು ನಿಂತು ತಾವೇ ಬಡಿಸುತ್ತಾರೆ. ಇದ್ದದ್ದು ಹನ್ನೆರಡೇ ಐಟಂ. ಪೂರಿ ಒಂದೊಂದೇ ಕರಿದು ತರುತ್ತಿದ್ದರು. ಅವ್ವ ಅನ್ನದ ಅಗಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು. "ನಮ್ಮ ಸೋನಾ ಮಸೂರಿ ಅಲ್ಲ, ಆದ್ರ ಚಲೋ ಬೆಂದೈತಿ" ಅಂತ ಮೊಸರನ್ನ ಎರಡು ಸಲ ಹಾಕಿಸಿಕೊಂಡಳು. ದೊಡ್ಡವರಿಗೆ 600, ಹತ್ತು ವರ್ಷದ ಒಳಗಿನ ಮಕ್ಕಳಿಗೆ ಅರ್ಧ, ಜಿಎಸ್‌ಟಿ 5%. ಒಟ್ಟು 2,520. ಕಾಫಿ ಮಾತ್ರ ನೀರು ನೀರು.

ಇಲ್ಲಿಂದ ಸಮುದ್ರ ಕಾಣುವುದಿಲ್ಲ. ಅದನ್ನು ಸಂಜೆ ರಾಧಾನಗರ ಬೀಚಿನಲ್ಲಿ ಕೂತು, ಸೂರ್ಯ ಮುಳುಗುವ ತನಕ ನೋಡಿದೆವು. ಗಂಡ ಹೆಂಡತಿ ಇಬ್ಬರೇ, ದುಡ್ಡಿನ ಚಿಂತೆ ಇಲ್ಲ ಅನ್ನುವವರು ರೆಸಾರ್ಟ್‌ಗೆ ಹೋಗಲಿ. ಹಿರಿಯರಿದ್ದರೆ ಬುಕ್ ಮಾಡುವ ಮುಂಚೆ ಫೋನ್ ಮಾಡಿ ವೆಜ್ ಟೇಬಲ್ ಬೇರೆ ಇದೆಯಾ, ಎಷ್ಟು ಗಂಟೆಗೆ ಶುರು, ಅರ್ಧ ರೇಟು ಎಷ್ಟು ವರ್ಷದ ತನಕ ಅಂತ ಕೇಳಿಬಿಡಿ.

ಓಣಿಯವರಿಗೆ ಸಣ್ಣ ಹೋಟೆಲಿನ ನಂಬರ್ ಕೊಟ್ಟಿದ್ದೇನೆ. ಅವ್ವ ಅವರ ತಾಯಿಗೆ ಅಂತ ಒಂದು ಡಬ್ಬಿ ಶೇಂಗಾ ಹಿಂಡಿಯನ್ನೂ ತುಂಬಿ ಇಟ್ಟಿದ್ದಾಳೆ.